ಬಸಿದು ಚೆಲ್ಲಿದ ಸೊಪ್ಪಿನ ನೀರು

ಅತ್ತೆ,

ನೀವು ತೀರಿಕೊಂಡ ಮೇಲೆ ನಿಮಗೆ ಎದುರು ಮಾತಾಡುವ ಧೈರ್ಯ ಬಂದಿದೆ, ನೋಡಿ. ನಿಮ್ಮ ಮಗಳಿಗೆ ಈಗ ಮಗು ಬೇಕಂತೆ. ಅಣ್ಣನ ಮಗು, ಅಂದರೆ ನನ್ನ ಮಗು, ಬೆನ್ನುಹುರಿ ಮುಚ್ಚಿಕೊಳ್ಳದೆ ಹುಟ್ಟಿ ತೀರಿಹೋಯಿತೆಂದು ಅವಳು ಹೇಳಿದ್ದಕ್ಕೆ, ಡಾಕ್ಟರಮ್ಮ ಅವಳದು, ನಿಮ್ಮ ಮಗನದು, ನನ್ನದು, ಮೂವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು. ಇವತ್ತು ನಾನೂ ಅವಳೂ ಹೋಗಿ ಫಲಿತಾಂಶ ಕೇಳಿಕೊಂಡು ಬಂದೆವು.

"ಮೂವರಲ್ಲೂ ಒಂದೇ ಜೀನ್ ವ್ಯತ್ಯಾಸ ಇದೆ," ಎಂದರು ಡಾಕ್ಟರಮ್ಮ. " ಗಾಬರಿ ಬೇಡ, ಜಗತ್ತಲ್ಲಿ ಕೋಟಿಗಟ್ಟಲೆ ಜನಕ್ಕಿದೆ. ಸೊಪ್ಪು, ಕಾಳು ಚೆನ್ನಾಗಿ ತಿನ್ನೋ ಕಡೆ ಅದು ತೆಪ್ಪಗೆ ಬಿದ್ದಿರುತ್ತೆ. ಊಟದಲ್ಲಿ ಫೋಲೇಟ್ ಅನ್ನೋ ಸೊಪ್ಪಿನ ವಿಟಮಿನ್ ಕಮ್ಮಿಯಾದ್ರೆ ಬಸುರಲ್ಲಿ ಕಾಟ ಕೊಡಬಹುದು. ಮನೇಲಿ ಸೊಪ್ಪು ಹೇಗೆ ಬೇಯಿಸ್ತೀರಿ?"

"ಅಮ್ಮ ಎರಡೆರಡು ಸಲ ಕುದಿಸಿ ನೀರು ಬಸಿದು ಚೆಲ್ಲೋರು. ನಾವು ಚೊಕ್ಕಟದ ಮನೆಯೋರು!" ಎಂದು ನಿಮ್ಮ ಮಗಳು ನಕ್ಕಳು.

"ಹಾಗಾದ್ರೆ ಆ ನೀರಿನ ಜೊತೆ ಫೋಲೇಟೂ ಮೋರಿಗೆ ಹೋಯ್ತು ಬಿಡಿ," ಎಂದರು ಡಾಕ್ಟರಮ್ಮ.

ನನಗೆ ನಗು ಬರಲಿಲ್ಲ. ಮಗು ಹೋದದ್ದಕ್ಕೆ ನನ್ನ ತವರಿನ ರಕ್ತವೇ ಕೆಟ್ಟದ್ದೆಂದು ನೀವು ನೆಂಟರಿಗೆಲ್ಲ ಸಾರಿದ್ದಿರಿ. ಆ ಕೆಟ್ಟ ರಕ್ತ ನೀವು ಹೆತ್ತ ಇಬ್ಬರಲ್ಲೂ ಚೆನ್ನಾಗಿಯೇ ಹರಿಯುತ್ತಿದೆ, ಸಂತೋಷಪಡಿ.

ಬಸುರಿಗೆ ಮೊದಲೇ ಶುರು ಮಾಡಬೇಕಾದ ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಕೂತಾಗ ನಿಮ್ಮ ಮಗಳ ಮುಖ ಬಾಡಿತು.

"ಅತ್ತಿಗೆ, ನನ್ನ ಮಗು ನೆಟ್ಟಗೆ ಹುಟ್ಟುತ್ತಾ?"

"ಹುಟ್ಟುತ್ತೆ ಕಣೇ, ಸುಮ್ನಿರು," ಎಂದು ಅವಳ ಕೈ ಹಿಡಿದುಕೊಂಡೆ.

ನನ್ನ ಮಗು ಹೋದ ದಿನ ನೀವೂ ನನ್ನ ಪಕ್ಕದಲ್ಲೇ ಕೂತಿದ್ದಿರಿ, ಅತ್ತೆ; ಕೈ ಮಾತ್ರ ಹಿಡಿಯಲಿಲ್ಲ.