ಮಣ್ಣುಗುಡ್ಡೆಯ ಕೆಳಗೆ

ಸೋಮವಾರ, ಬೆಳಿಗ್ಗೆ

ಗುಂಡಿಯಲ್ಲಿ ಮತ್ತೆ ನೀರು. ಪಂಪ್ ಕೆಮ್ಮಿ ನಿಂತಿತು. ಅದನ್ನು ಒದ್ದೆ. ನನ್ನ ಕಾಲಿಗೇ ಪೆಟ್ಟು.

ಶನಿವಾರ ಈ ಹಳೇ ಬಸ್ ನಿಲ್ದಾಣ ಬಿಲ್ಡರ್ ಕೈಗೆ. ನೆಲದಡಿ ಉಳಿಸುವಂಥ ಹಳೇ ಕಾಲದ್ದು ಇದೆಯೋ ಇಲ್ಲವೋ, ಅಷ್ಟರೊಳಗೆ ಅಗೆದು ನೋಡಿ ಪುರಾತತ್ವ ಇಲಾಖೆಗೆ ಬರೆದುಕೊಡಬೇಕು. ಇದೆ ಎಂದರೆ ಮಾಲ್‌ನ ಪ್ಲಾನ್ ಬದಲಾಗುತ್ತದೆ. ಇಲ್ಲ ಎಂದರೆ ಕಾಂಕ್ರೀಟ್.

ಸಿಕ್ಕಿರುವುದು ಎರಡು ಗಾರೆ ತೊಟ್ಟಿ, ಒಳಗೆಲ್ಲ ನೀಲಿ ಕಲೆ. ಬಟ್ಟೆಗೆ ಬಣ್ಣ ಹಾಕುತ್ತಿದ್ದವರದು. ಆದರೆ ಎರಡು ತೊಟ್ಟಿಗೋಸ್ಕರ ಯಾರು ಮಾಲ್ ನಿಲ್ಲಿಸುತ್ತಾರೆ?

ಮಂಗಳವಾರ, ಸಂಜೆ

ತೊಟ್ಟಿಗಳಿಂದ ಇಟ್ಟಿಗೆಯ ಕಾಲುವೆಯೊಂದು ಹೊರಟಿದೆ. ನೇರ, ಚೆಂದ. ಸೀದಾ ಹೋಗಿ ನುಗ್ಗಿರುವುದು ನಮ್ಮದೇ ಮಣ್ಣುಗುಡ್ಡೆಯ ಕೆಳಗೆ! ವಾರಗಟ್ಟಲೆ ಅಗೆದ ಮಣ್ಣನ್ನೆಲ್ಲ ಅಲ್ಲೇ ಸುರಿದಿದ್ದೇವೆ. ಜಾಗ ತೋರಿಸಿದ್ದು ನಾನೇ. ಯಾವ ಧೈರ್ಯದ ಮೇಲೆ?

ನಮ್ಮ ತಂಡದಲ್ಲಿ ನಕ್ಷೆ ಬರೆಯುವವನು ತಲೆ ಕೆರೆದುಕೊಂಡ. "ಮೇಡಂ, ಇಡೀ ಸೈಟಲ್ಲಿ ನಾವು ಭದ್ರವಾಗಿ ಕಾಪಾಡಿರೋದು ಅದೊಂದೇ ಜಾಗ."

ಮನೆಯಲ್ಲಿ ಹೇಳಿದರೆ ಅತ್ತೆ— "ಗುಡಿಸಿದ ಕಸ ಬಾಗಿಲ ಹಿಂದೆ ತಳ್ಳೋದು ಮನೇಲಿ ಮಾತ್ರ ಅಂದ್ಕೊಂಡಿದ್ದೆ ಕಣಮ್ಮ."

ಹೋಗಿ ಬಾಗಿಲ ಹಿಂದೆ ಗುಡಿಸಿದೆ.

ಬುಧವಾರ

ಬಿಲ್ಡರ್‌ನ ಇಂಜಿನಿಯರ್ ಹತ್ತಿರ ಗುಡ್ಡೆ ತೆಗೆಯಲು ಜೆಸಿಬಿ ಕೇಳಿದೆ.

"ತಗೊಳ್ಳಿ ಮೇಡಂ. ಮಣ್ಣು ಎಲ್ಲಿ ಹಾಕ್ತೀರಾ?"

"ಹೊರಗೆ."

"ಹೊರಗೆ ರಸ್ತೆ. ಲಾರಿ ಬರೋದು ಮುಂದಿನ ವಾರ." ತೊಟ್ಟಿಗಳಿರುವ ಗುಂಡಿಯತ್ತ ಗದ್ದ ಎತ್ತಿದ. "ಅಲ್ಲಿಗೇ ತುಂಬಿ. ನಿಮ್ಮ ಮಣ್ಣು, ನಿಮ್ಮ ಗುಂಡಿ. ನಂಗೇನೂ ಬೇಜಾರಿಲ್ಲ."

ಅವನಿಗೆ ಬೇಜಾರಿಲ್ಲವಂತೆ.

ಕಾಣದ್ದನ್ನು ನೋಡಲು ಕಂಡದ್ದನ್ನು ಮುಚ್ಚಬೇಕು. ಗುಡ್ಡೆಯ ಕೆಳಗೆ ಏನೂ ಸಿಗದಿದ್ದರೆ? ತೋರಿಸಲು ಆ ಎರಡು ತೊಟ್ಟಿಗಳೂ ಇರುವುದಿಲ್ಲ. ಫೋಟೋ ನೋಡಿ ಮನಸ್ಸು ಬದಲಿಸಿದ ಬಿಲ್ಡರ್‌ನನ್ನು ನಾನಂತೂ ಕಂಡಿಲ್ಲ.

ಶುಕ್ರವಾರ, ಮಧ್ಯಾಹ್ನ

ಮುಚ್ಚಿಸಿದೆ. ನಿನ್ನೆ. ತೊಟ್ಟಿಗಳಿಗೆ ಬಟ್ಟೆ ಹೊದಿಸಿ, ಮರಳು ತುಂಬಿ, ಆಮೇಲೆ ಮಣ್ಣು. ಮೊದಲ ಬಕೆಟ್ ಸುರಿಯುವಾಗ ಟೀ ನೆಪ ಮಾಡಿ ಆಚೆ ಹೋದೆ. ನಕ್ಷೆಯವನು ನಿನ್ನೆಯಿಂದ ಸರಿಯಾಗಿ ಮಾತಾಡುತ್ತಿಲ್ಲ.

ಗುಡ್ಡೆ ಹೋಯಿತು. ಕೆಳಗೆ ಹಳೇ ಡಾಂಬರು. ಒಡೆಸಿದೆ. ಕಲ್ಲುಪುಡಿ. ಬರೀ ಕಲ್ಲುಪುಡಿ. ಕಾಲುವೆಯ ಸುಳಿವೇ ಇಲ್ಲ... ಎಂಥ ಕೆಲಸ ಮಾಡಿಕೊಂಡೆ.

ಶುಕ್ರವಾರ, ಸಂಜೆ

ಇನ್ನೊಂದು ಮೊಳ ಕೆಳಗಿತ್ತು, ಅಷ್ಟೇ. ಕಾಲುವೆ, ಅದರ ಎರಡೂ ಬದಿಗೆ ತೊಟ್ಟಿಗಳ ಸಾಲು. ಒಂದರಲ್ಲಿ ಕೆಂಪು. ನಡುವೆ ಒಲೆ, ಬೂದಿ ಸಮೇತ. ಇಡೀ ಕಾರ್ಖಾನೆ.

ಇಂಜಿನಿಯರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಇದು ಎಲ್ಲೀವರೆಗೆ ಹೋಗತ್ತೆ ಮೇಡಂ?"

"ನಿಮ್ಮ ಆಫೀಸ್ ಶೆಡ್ ಕೆಳಗೆ."

"ತಮಾಷೆ ಮಾಡ್ಬೇಡಿ."

"ನಂಗೇನೂ ಬೇಜಾರಿಲ್ಲ," ಅಂದೆ. ಅನ್ನಬಾರದಿತ್ತೇನೋ. ಚೆನ್ನಾಗಿತ್ತು.

ವರದಿಯಲ್ಲಿ 'ಇದೆ' ಎಂದು ಬರೆದು ಸಹಿ ಹಾಕಿದೆ. ಶೆಡ್ಡಿನಿಂದ ಕುರ್ಚಿಗಳು ಹೊರಬರುತ್ತಿವೆ. ಇಂಜಿನಿಯರ್ ಅವನ್ನು ಒಂದರ ಮೇಲೊಂದು ಪೇರಿಸುತ್ತಿರುವುದು ಸರಿಯಾಗಿ ಆ ಒಲೆಯ—

ಅಯ್ಯೋ, ಅಲ್ಲಿ ಬೇಡ