ಕತ್ತರಿಕೋಟೆಯನ್ನು ನಾನು ಅಳಿಸುವುದಿಲ್ಲ

ಮಾರ್ಚ್ 3, ಭಾನುವಾರ, ಸಂಜೆ 5

ಆಟದ ನಕ್ಷೆಯಿಂದ ಉತ್ತರದ ಸೇತುವೆ ತೆಗೆದೆ. ಬ್ಲೇಡಿನ ಮೂಲೆಯಿಂದ ಮಸಿ ಕೆರೆದು, ರಬ್ಬರ್ ಉಜ್ಜಿ, ಉಗುರಿನಿಂದ ಕಾಗದ ನಯ ಮಾಡಿ... ಮುಕ್ಕಾಲು ಗಂಟೆ ಹಿಡಿಯಿತು. ಬೆಳಿಗ್ಗೆಯ ಆಟದಲ್ಲಿ, ನಮ್ಮ ಜೊತೆ ಆಡುವ ಔಷಧಿ ಅಂಗಡಿಯವರು ಅದಕ್ಕೆ ಬೆಂಕಿ ಇಟ್ಟರು — ಶತ್ರು ಆಚೆ ದಡದಲ್ಲಿ, ನಮ್ಮ ಊಟದ ಗಾಡಿಯೂ ಆಚೆ ದಡದಲ್ಲೇ. ಮಹಾ ಬುದ್ಧಿವಂತರು.

ಅಮ್ಮ ಇಣುಕಿದಳು. "ಆಫೀಸಲ್ಲಿ ವಾರವೆಲ್ಲ ಚರಂಡಿ ನಕ್ಷೆ, ಭಾನುವಾರ ಇಲ್ಲದ ಊರಿನ ನಕ್ಷೆ. ಈ ಆಟದಲ್ಲಿ ಗೆಲ್ಲೋದು ಯಾರೇ?"

"ಯಾರೂ ಗೆಲ್ಲಲ್ಲಮ್ಮ. ಭಾವ ಕಥೆ ಹೇಳ್ತಾರೆ, ನಾವು ಅದರೊಳಗೆ ಓಡಾಡ್ತೀವಿ. ಏನಾಗತ್ತೆ ಅನ್ನೋದು ದಾಳ ಹೇಳತ್ತೆ."

"ಮೂರು ವರ್ಷದಿಂದ?"

"ಮೂರು ವರ್ಷದಿಂದ."

"ನಿನ್ನ ಅಕ್ಕನ ಗಂಡನಿಗೆ ಶಾಲೆಯಲ್ಲಿ ಪಾಠ ಮಾಡಿದ್ದು ಸಾಲದೇನೋ," ಎಂದು ಹೋದಳು.

ನಿಯಮ ಒಂದೇ. ಮೊದಲ ದಿನ ಭಾವನೇ ಮಾಡಿದ್ದು: ಮೇಜಿನ ಮೇಲೆ ಆಗದ್ದು ನಕ್ಷೆಯ ಮೇಲೆ ಆಗಬಾರದು. ಯಾರೂ ಕಾಲಿಡದ ಜಾಗ ಪೆನ್ಸಿಲ್. ಕಾಲಿಟ್ಟ ಮೇಲೆ ಮಸಿ. ಜೊತೆಗೆ ಆಡುವ ಟೈಲರ್ ಕಟ್ಟಿದ ಊರು ಕತ್ತರಿಕೋಟೆ ಪೂರ್ತಿ ಮಸಿ — ಗೋಡೆ, ಬಾವಿ, ನಲವತ್ತೊಂದು ಮನೆ. ಎರಡು ವರ್ಷ ಕೂತು ಕಟ್ಟಿದ್ದಾಳೆ.

ಮಾರ್ಚ್ 10, ಭಾನುವಾರ, ಮಧ್ಯಾಹ್ನ

ನಕ್ಷೆಯಲ್ಲಿ ಬದಲಿಸಲು ಏನೂ ಇಲ್ಲ. ಆಟ ಅರ್ಧಕ್ಕೇ ನಿಂತಿತು.

ಭಾವ ಇಪ್ಪತ್ತು ಮುಖದ ದಾಳ ಉರುಳಿಸುವುದು ರಟ್ಟಿನ ಮರೆಯ ಹಿಂದೆ. ಮೂರು ವಾರದಿಂದ ಕತ್ತರಿಕೋಟೆಯ ಮೇಲೆ ದಾಳಿ, ಮೂರು ವಾರವೂ ಶತ್ರುವಿಗೆ ದೊಡ್ಡ ಅಂಕಿಯೇ — ಹದಿನೆಂಟು, ಹತ್ತೊಂಬತ್ತು. ಇವತ್ತು ಭಾವ "ಹದಿನೆಂಟು" ಎಂದ ಕೂಡಲೇ ಟೈಲರ್ ಎದ್ದು ಮರೆಯ ಆಚೆ ಬಗ್ಗಿದಳು.

"ನಾಲ್ಕು ಬಿದ್ದಿದೆ, ಸಾರ್."

ಭಾವ ದಾಳದ ಮೇಲೆ ಕೈ ಮುಚ್ಚಿದರು.

"ಕಥೆಗೋಸ್ಕರ ಕೆಲವು ಸಲ ಹಾಗೆ ಮಾಡಬೇಕಾಗತ್ತಮ್ಮ."

"ಯಾರ ಕಥೆಗೆ? ಬೀಳೋದೆಲ್ಲ ನನ್ನ ಗೋಡೆನೇ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ಇಷ್ಟ ಇಲ್ಲದಿದ್ರೆ ಬರಬೇಡ."

ತನ್ನ ದಾಳಗಳನ್ನು ಅಳತೆ ಟೇಪಿನ ಜೊತೆ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು. ನಾನು ಬಾಯಿ ಬಿಡಲಿಲ್ಲ. ಕುಳಿತಲ್ಲಿಂದ ನನಗೂ ಆ ನಾಲ್ಕು ಕಾಣುತ್ತಿತ್ತು. ನಾಚಿಕೆಯಾಗುತ್ತಿದೆ.

ಮಾರ್ಚ್ 12, ಮಂಗಳವಾರ, 11.20, ಆಫೀಸು

ಭಾವನ ಮೆಸೇಜ್: "ಕತ್ತರಿಕೋಟೆ ಅಳಿಸಿಬಿಡು ಪುಟ್ಟಿ. ನದಿ ಉಕ್ಕಿ ಕೊಚ್ಚಿಹೋಯ್ತು ಅಂತ ಹೇಳೋಣ. ಭಾನುವಾರಕ್ಕೆ ರೆಡಿ ಇರಲಿ."

ಹೇಳೋಣವಂತೆ! ನದಿ ಯಾವಾಗ ಉಕ್ಕಿತು? ಯಾರು ನೋಡಿದರು? ಅವಳನ್ನು ಮೇಜಿನಿಂದ ಎಬ್ಬಿಸಿದ್ದು ಸಾಲದೆ, ಅವಳಿದ್ದ ಗುರುತೂ ಉಳಿಯಬಾರದು.

ಮೂರು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ ಕಳಿಸಿದ್ದು: "ಅಳಿಸಲ್ಲ ಭಾವ. ಪ್ರವಾಹ ಬೇಕಿದ್ರೆ ಮೇಜಿನ ಮೇಲೆ ಬರಲಿ, ಅವಳ ಎದುರಿಗೆ."

ನೀಲಿ ಟಿಕ್ ಬಂತು. ಫೋನ್ ನೋಡುತ್ತಲೇ ನಕ್ಷೆ ಎಳೆದೆ. ಪೈಪಿನ ಗೆರೆ ಸೊಟ್ಟಗಾಗಿ, ಒಂದು ಬೀದಿಯ ಚರಂಡಿ ನೇರವಾಗಿ ಯಾರದೋ ಅಡುಗೆಮನೆಗೆ ಹೋಗಿದೆ.

ಮಾರ್ಚ್ 13, ಬುಧವಾರ

ಅಕ್ಕನ ಫೋನು. "ಒಂದು ಊರು ಅಳಿಸಿದ್ರೆ ನಿನ್ನ ಗಂಟೇನು ಹೋಗತ್ತೆ? ಕಾಗದದ ಊರು ಕಣೇ. ಇವರು ನಿನ್ನೆಯಿಂದ ನೆಟ್ಟಗೆ ಮಾತಾಡ್ತಿಲ್ಲ."

"ಕಾಗದದ್ದು ಅಂದ್ಮೇಲೆ ಇದ್ರೆ ಇರಲಿ ಬಿಡು. ಅವರಿಗೇನು ಕಷ್ಟ?"

"ಚಿಕ್ಕಂದಿನಿಂದ ಹೀಗೇನೇ ನೀನು. ಹಿಡಿದ ಮೊಲಕ್ಕೆ ಮೂರೇ ಕಾಲು."

ಹೌದು. ಮೂರೇ. ಬೇಕಾದವರು ಬಂದು ಎಣಿಸಿಕೊಳ್ಳಲಿ. ನಾನಿನ್ನು ಯಾರಿಗೂ ಸೊಪ್ಪು ಹಾಕುವುದಿಲ್ಲ.

ಆಫೀಸು ಮುಗಿಸಿ ಟೈಲರ್ ಅಂಗಡಿಗೆ ಹೋದೆ. ಅವತ್ತು ಸುಮ್ಮನಿದ್ದದ್ದು ತಪ್ಪಾಯಿತು ಎಂದೆ. ಅವಳು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಊರು ಇದೆಯಾ ಮೇಡಂ?"

"ಇದೆ."

"ಸರಿ ಹಾಗಾದ್ರೆ," ಎಂದು ಹಲ್ಲಿನಿಂದ ದಾರ ಕಡಿದಳು.

ಮಾರ್ಚ್ 17, ಭಾನುವಾರ, ಮಧ್ಯಾಹ್ನ

ಟೈಲರ್ ಬಂದಿರಲಿಲ್ಲ. ಭಾವ ಕಂಪ್ಯೂಟರಿನಲ್ಲಿ ಹೊಸ ನಕ್ಷೆ ಮಾಡಿ, ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು. ಕತ್ತರಿಕೋಟೆಯ ಜಾಗದಲ್ಲಿ ಬರೀ ಹಸಿರು. ಚೆನ್ನಾಗಿಯೇ ಇತ್ತು, ಹಾಳಾದ್ದು.

ನನ್ನದನ್ನು ಬಿಚ್ಚಿ ಅದರ ಮೇಲೆಯೇ ಹಾಸಿದೆ. ನಾಲ್ಕು ಮೂಲೆಗೆ ನಾಲ್ಕು ಲೋಟ.

"ತೆಗಿ, ಪುಟ್ಟಿ."

"ತೆಗೆಯಲ್ಲ."

ಭಾವ ಔಷಧಿ ಅಂಗಡಿಯವರ ಕಡೆ ತಿರುಗಿದರು. "ನೀವು ಹೇಳಿ. ಎಲ್ಲಿಗೆ ಹೊರಡ್ತೀರಿ?"

ಆ ಮನುಷ್ಯ ಯಾರ ತಂಟೆಗೂ ಹೋದವರಲ್ಲ. ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. "ಕತ್ತರಿಕೋಟೆಗೇ ಹೋಗಬೇಕಲ್ಲ ಸಾರ್. ನನ್ನ ಕುದುರೆ ಅಲ್ಲೇ ಕಟ್ಟಿದೀನಿ."

"ಆ ಊರೇ ಇಲ್ಲ ಈಗ."

"ಹಾಗಾದ್ರೆ ಕುದುರೆ ಎಲ್ಲಿದೆ, ಅದಾದ್ರೂ ಹೇಳಿ."

ನನಗೆ ನಗು ತಡೆಯಲಾಗಲಿಲ್ಲ. ಭಾವ ತಮ್ಮ ಮನೆಯಲ್ಲೇ, ತಮ್ಮ ಮೇಜಿನಿಂದಲೇ ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಔಷಧಿ ಅಂಗಡಿಯವರೂ ನಾನೂ ನಕ್ಷೆ ಸುತ್ತಿಕೊಂಡು ಬಂದೆವು.

ಇನ್ನು ಆಟ ನಮ್ಮ ಮನೆಯಲ್ಲಿ. ಭಾವ ಬಂದರೆ ಕುರ್ಚಿ ಇದೆ, ರಟ್ಟಿನ ಮರೆಗೆ ಜಾಗ ಇಲ್ಲ. ಹಾಗೆಂದೇ ಮೆಸೇಜ್ ಹಾಕಿದೆ. ಟೈಲರ್‌ಗೂ ಹಾಕಿದೆ.

ಏಪ್ರಿಲ್ 7, ಭಾನುವಾರ, ಸಂಜೆ 5.40, ಅಡುಗೆಮನೆಯಲ್ಲಿ

ಟೀಗೆ ನೀರಿಟ್ಟು ಬರೆಯುತ್ತಿದ್ದೇನೆ. ಮೂರು ವಾರದ ಮೇಲೆ ಭಾವ ಬಂದರು. ಬರಿಗೈ — ಮರೆ ಇಲ್ಲ. ಕ್ಷಮೆಯೂ ಇಲ್ಲ, ಅದು ಅವರ ಜಾಯಮಾನವಲ್ಲ. ಟೈಲರ್ ಎದುರಿಗೇ ಕುಳಿತರು.

"ನದಿ ಉಕ್ತಾ ಇದೆ. ಕತ್ತರಿಕೋಟೆಯ ಒಡ್ಡು ಉಳೀಬೇಕಾದ್ರೆ ಹನ್ನೆರಡರ ಮೇಲೆ ಬೀಳಬೇಕು. ದಾಳ ನೀನೇ ಹಾಕಮ್ಮ."

ಮೇಜಿನ ನಟ್ಟನಡುವೆ, ಎಲ್ಲರ ಕಣ್ಣೆದುರು. ಉರುಳಿತು. ಲೋಟಕ್ಕೆ ತಗುಲಿ ನಿಂತಿತು.

ಮೂರು.

ಭಾವನ ಮುಖ ನಮ್ಮೆಲ್ಲರದಕ್ಕಿಂತ ಮೊದಲು ಬಾಡಿತು. "ಬೇಕಾದ್ರೆ ಇನ್ನೊಂದು ಸಲ—"

"ಬೇಡ ಸಾರ್. ಬಿದ್ದಿದ್ದು ಬಿತ್ತು."

ಅಳಿಸಿದೆ. ಇಡೀ ಊರು, ನನ್ನ ಕೈಯಾರೆ. ಕಾಗದ ಜರುಗದಂತೆ ಟೈಲರ್ ಎರಡೂ ಅಂಗೈಯಿಂದ ಒತ್ತಿ ಹಿಡಿದಿದ್ದಳು. ಅತ್ತಳು. ನಾನೂ ಅತ್ತೆ. ಆದರೆ ಸೋತೆವು ಅನ್ನಿಸಲಿಲ್ಲ, ಒಂದು ಚೂರೂ. ನದಿ ಬಂದದ್ದನ್ನು ಎಲ್ಲರೂ ನೋಡಿದ್ದೇವೆ.

ಪುಡಿ ಊದಿದ ಮೇಲೆ ಅವಳೇ ಪೆನ್ಸಿಲ್ ಎತ್ತಿಕೊಂಡು, ನದಿಯಿಂದ ಎರಡು ಬೆರಳು ಅಳೆದು, ಗೆರೆ ಎಳೆದಳು.

"ಇದೇನು?" ಎಂದೆ.

"ಹೊಲಿಗೆಗೆ ಅಂಚು ಬಿಡ್ತೀವಲ್ಲ ಮೇಡಂ. ಹೋದ ಸಲ ಮರೆತಿದ್ದೆ. ಈ ಸಲ ಗೋಡೆ ಇಲ್ಲಿಂದ."

ಭಾವ ಬಗ್ಗಿ ನೋಡಿದರು. "ಅಲ್ಲೆಲ್ಲ ಬಂಡೆ. ಪಾಯ ತೆಗೆಯೋಕೆ ಹದಿನೈದು ಬೀಳಬೇಕು. ವಾರಕ್ಕೆ ಒಂದೇ ಸಲ."

"ಬೀಳೋವರೆಗೂ ಬರ್ತೀನಿ ಸಾರ್."

ಈಗ ಹಾಕುತ್ತಿದ್ದಾಳೆ. ಅಮ್ಮನೂ ಹೋಗಿ ಮೇಜಿನ ಪಕ್ಕ ನಿಂತಿದ್ದಾಳೆ. ನೀರು ಕುದ್ದರೆ ಕುದಿಯಲಿ, ನಾನೂ—