ಅಮ್ಮನ ಮೇಜಿನಲ್ಲಿ ಮೀಸೆ ಯಜಮಾನರು

ಲೋ ಬೃಹಸ್ಪತಿ,

ಬಣ್ಣ ಒಣಗೋವರೆಗೆ ಮೇಜಿನ ತಂಟೆಗೆ ಹೋಗಬೇಡ ಅಂತ ರಾತ್ರಿ ಬಡ್ಕೊಂಡಿದ್ದೆ. ಧೂಳು ಕೂರುತ್ತೆ ಅಂತ ಹಸಿ ಬಣ್ಣದ ಮೇಲೆ ಪೇಪರ್ ಹೊದಿಸಿದ್ದೀಯಲ್ಲ, ತಲೇಲಿ ಏನಿದೆ ನಿಂಗೆ? ಅದೂ ಶ್ರದ್ಧಾಂಜಲಿ ಪುಟಾನೇ ಬೇಕಿತ್ತಾ? ಬೆಳಿಗ್ಗೆ ಕಿತ್ತು ನೋಡಿದ್ರೆ ಯಾರೋ ಮೀಸೆ ಯಜಮಾನರು ನೀಲಿ ಬಣ್ಣದಲ್ಲಿ ಅಚ್ಚಾಗಿ ಕೂತಿದ್ದಾರೆ! ಮಂಡಿ ಆಪರೇಷನ್ ಆದ ಅಮ್ಮ ಇನ್ನು ನೆಲದಲ್ಲಿ ಕೂರೋ ಹಾಗಿಲ್ಲ ಅಂತ ತಾನೇ ಈ ಮೇಜು? ನಾಳೆ ಆಸ್ಪತ್ರೆಯಿಂದ ಬಂದು ಇವರ ಮುಖ ನೋಡ್ಕೊಂಡು ಊಟ ಮಾಡಬೇಕಾ?

ಗುಜರಿಯಿಂದ ತಂದಿದ್ದನ್ನ ಉಜ್ಜಿ ಉಜ್ಜಿ ನನ್ನ ಉಗುರು ಸವೆದಿದೆ. ಇವತ್ತು ನೀನು ಉಜ್ಜು. ಸ್ಯಾಂಡ್‌ಪೇಪರ್ ಕಿಟಕಿ ಹತ್ರ ಇದೆ. ಮೀಸೆ ಪೂರ್ತಿ ಹೋದಮೇಲೆ ಇನ್ನೊಂದು ಕೈ ಬಣ್ಣ ಬಳಿ.

ಮೇಜಿಗೆ ಅಂತ ತಂದಿರೋ ಹೂವಿನ ಸ್ಟಿಕ್ಕರ್ ಮಾತ್ರ ಮುಟ್ಟಬೇಡ, ನಾನೇ ಬಂದು ಅಂಟಿಸ್ತೀನಿ. ಅವರ ಮುಖ ಮುಚ್ಚುತ್ತಾ ಅಂತ ಒಂದು ಹೂ ಇಟ್ಟು ನೋಡಿದೆ. ಸಮಾಧಿಗೆ ಹೂ ಇಟ್ಟ ಹಾಗಾಯ್ತು.

ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ನೆಲದ ಮೇಲೆ ಕೂತು ತಿನ್ನು. ಇನ್ನೊಂದು ಸಲ ಆ ಮೇಜಿನ ಮೇಲೆ ಪೇಪರ್ ಕಂಡ್ರೆ, ನಾಳಿದ್ದು ಅದೇ ಪುಟದಲ್ಲಿ ನಿನ್ನ ಫೋಟೋ ಹಾಕಿಸ್ತೀನಿ.

ಅಕ್ಕ